ಒಪ್ಪದ ಮತದ ಪಾಠ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಸಾಮಾನ್ಯವಾಗಿ ಕೇದಾರೇಶ್ವರನ ಗುಡಿಯನ್ನು ನೋಡುತ್ತಾರೆ. ತ್ರಿಪುರಾಂತಕೇಶ್ವರನ ಗುಡಿಯ ಕೆತ್ತನೆಯನ್ನು ಮೆಚ್ಚುತ್ತಾರೆ. ಭೇರುಂಡ ಸ್ತಂಭದ ಎದುರಿಗೆ ಸ್ವಲ್ಪ ಹೊತ್ತು ನಿಂತು, ಅಲ್ಲಮಪ್ರಭು ಈ ಊರಿನವನಂತೆ ಎಂದು ಮಾತನಾಡಿಕೊಂಡು ಹಿಂದಿರುಗುತ್ತಾರೆ. ಶಾಸನದ ಕಲ್ಲುಗಳ ಮುಂದೆ ಕೂತು ಅಕ್ಷರ ಕೂಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಒತ್ತಾಯ ಮಾಡುವುದೂ ನ್ಯಾಯವಲ್ಲ. ಆದರೂ ಅಲ್ಲಿಯ ಒಂದು ಶಾಸನವನ್ನು ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರು ಒಮ್ಮೆಯಾದರೂ ಓದಲೇಬೇಕು. ಅದು 1162ನೆಯ ಇಸವಿಯದು. ಕೋಡಿಯ ಮಠಕ್ಕೆ ಸಂಬಂಧಿಸಿದ್ದು. ಬಿ. ಎಲ್. ರೈಸ್ ಅವರು 1902ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದು ದೊರೆಯುತ್ತದೆ.

ಶಾಸನವೆಂದ ಮೇಲೆ ದಾನ, ದತ್ತಿ, ಗದ್ದೆಯ ಎಲ್ಲೆ, ಕೊನೆಯಲ್ಲಿ ಅಳಿದವರಿಗೆ ಶಾಪ, ಇವು ಇದ್ದೇ ಇರುತ್ತವೆ. ಇಲ್ಲಿ ಅವುಗಳ ಜೊತೆಗೆ ಒಂದು ಪಾಠಪಟ್ಟಿಯೂ ಇದೆ. ಆ ಮಠದಲ್ಲಿ ಏನೇನು ಓದಿಸುತ್ತಿದ್ದರೆಂಬುದನ್ನು ಶಾಸನದ ಕವಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಾಲ್ಕು ವೇದಗಳು ಅಂಗಸಹಿತವಾಗಿ. ವ್ಯಾಕರಣದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ. ದರ್ಶನಗಳಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ. ಅದಾದ ಮೇಲೆ ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇಷ್ಟೇ ಅಲ್ಲದೆ ಅದು ಹಸಿದು ಬಂದವರಿಗೆ ಅನ್ನ ದೊರೆಯುವ ಸ್ಥಳ, ರೋಗಿಗಳಿಗೆ ಔಷಧ ದೊರೆಯುವ ಸ್ಥಳ. ಅನ್ನಕ್ಕೆ ಬರುತ್ತಿದ್ದವರ ಹೆಸರುಗಳಲ್ಲಿ ನಾನಾ ಪಂಥದ ಸಂನ್ಯಾಸಿಗಳೊಡನೆ ಜೈನ ಕ್ಷಪಣಕರೂ ಸೇರಿದ್ದಾರೆ.

ಕೋಡಿಯ ಮಠ ಕಾಳಾಮುಖ ಶೈವರದು. ಲಾಕುಲ ಸಿದ್ಧಾಂತ ಅವರ ಸ್ವಂತ ಶಾಸ್ತ್ರ. ಅದನ್ನು ಓದಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಶಿವನನ್ನೇ ಪರತತ್ತ್ವವೆಂದು ನಂಬಿದವರು, ಈಶ್ವರನೇ ಇಲ್ಲವೆಂದ ಬೌದ್ಧರ ದರ್ಶನವನ್ನು ತಮ್ಮ ವಿದ್ಯಾರ್ಥಿಗಳಿಗೆ ಏಕೆ ಓದಿಸಿದರು? ಶಾಕಟಾಯನ ವ್ಯಾಕರಣವೆಂದರೆ ನಮ್ಮ ಅಮೋಘವರ್ಷನ ಕಾಲದ ಜೈನ ಯತಿಯ ಗ್ರಂಥವೆಂದೇ ವಿದ್ವಾಂಸರ ಎಣಿಕೆ. ಪಾಣಿನಿಯ ಪಕ್ಕದಲ್ಲಿ ಅದಕ್ಕೂ ಮಣೆ ಹಾಕಿದ್ದೇಕೆ? ಅದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಒಂದು ಬೌದ್ಧ ವಿಹಾರವನ್ನು ಕಟ್ಟಿಸಿದ್ದ. ಬೌದ್ಧ ಮತವೆಂದರೆ ಆ ವಿದ್ಯಾರ್ಥಿಗಳಿಗೆ ಓಲೆಗರಿಯ ಮೇಲಿನ ಸಂಗತಿ ಮಾತ್ರವಲ್ಲ; ಬೀದಿಯಲ್ಲಿ ಎದುರಾಗುತ್ತಿದ್ದ ಸಂಗತಿ. ವಾದಕ್ಕೆ ನಿಲ್ಲಬೇಕಾದರೆ ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ತಿಳಿದಿರಬೇಕು. ಗೆಲ್ಲುವ ಆಸೆಯೇ ಅದರ ಮೂಲವೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಗೆಲ್ಲುವ ಆಸೆಯಿಂದಲೇ ಆಗಲಿ, ಓದಿದರಲ್ಲ!

ನಮ್ಮ ಶಾಸ್ತ್ರಕಾರರು ಇದಕ್ಕೆ ಪೂರ್ವಪಕ್ಷವೆಂದು ಹೆಸರಿಟ್ಟರು. ತಾನು ಖಂಡಿಸಬೇಕೆಂದಿರುವ ಮತವನ್ನು ಮೊದಲು ತಾನೇ ನಿಂತು ಮಂಡಿಸಬೇಕು. ಆ ಮತದವನು ಕೇಳಿದರೆ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ತಲೆದೂಗುವ ಹಾಗೆ ಮಂಡಿಸಬೇಕು. ಉತ್ತರ ಹೇಳುವ ಹಕ್ಕು ಆಮೇಲೆ. ಈ ಪದ್ಧತಿಯನ್ನು ಇಡೀ ಗ್ರಂಥಕ್ಕೇ ವಿಸ್ತರಿಸಿದವರು ವಿಜಯನಗರದ ಕಾಲದ, 14ನೆಯ ಶತಮಾನದ ಮಾಧವಾಚಾರ್ಯರು. (ಉಡುಪಿಯ ಮಧ್ವಾಚಾರ್ಯರು ಬೇರೆ, ಇವರು ಬೇರೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇವರಿಬ್ಬರನ್ನೂ ಒಬ್ಬರನ್ನಾಗಿ ಮಾಡುವ ಅದ್ವೈತವನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ.) ಅವರ ಸರ್ವದರ್ಶನ ಸಂಗ್ರಹ ಮೊದಲಾಗುವುದು ಚಾರ್ವಾಕನಿಂದ. ದೇಹ ಸುಟ್ಟ ಮೇಲೆ ಏನೂ ಉಳಿಯದು ಎನ್ನುವವನಿಗೆ ಮೊದಲ ಅಧ್ಯಾಯ! ಆಮೇಲೆ ಬೌದ್ಧ, ಆರ್ಹತ, ರಾಮಾನುಜ, ಪೂರ್ಣಪ್ರಜ್ಞ, ಲಾಕುಲೀಶ ಪಾಶುಪತ, ರಸೇಶ್ವರ ಎಂದು ಸಾಗುತ್ತದೆ. ಪ್ರತಿಯೊಂದು ಮತದ ಪರವಾಗಿಯೂ ಅವರು ಅದರ ವಕೀಲರಂತೆ ಮಾತನಾಡುತ್ತಾರೆ. ಮುಂದಿನ ಅಧ್ಯಾಯಕ್ಕೆ ಹೋದಾಗ ಹಿಂದಿನ ಕಕ್ಷಿಯನ್ನು ಬಿಟ್ಟು ಹೊಸ ಕಕ್ಷಿಯ ವಕಾಲತ್ತು ವಹಿಸುತ್ತಾರೆ. ಚಾರ್ವಾಕರ ಮೂಲಗ್ರಂಥಗಳು ನಮಗೆ ದಕ್ಕಲಿಲ್ಲ. ಅವರ ವಿಚಾರವೆಂದು ನಾವು ಇಂದು ಹೇಳುವುದರಲ್ಲಿ ಬಹುಪಾಲು ಅವರನ್ನು ಒಪ್ಪದವರು ಬರೆದಿಟ್ಟದ್ದು.

ಇಷ್ಟು ಹೇಳಿದೊಡನೆ ‘ನೋಡಿದಿರಾ, ನಮ್ಮಲ್ಲಿ ಎಲ್ಲವೂ ಇತ್ತು’ ಎಂದು ಮೀಸೆ ತಿರುವುವ ಮಿತ್ರರು ನನಗಿದ್ದಾರೆ. ಅವರ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಬೇಕಾಗುತ್ತದೆ. ಕೋಡಿಯ ಮಠದ ಅನ್ನಛತ್ರ ಎಲ್ಲರಿಗೂ ತೆರೆದಿತ್ತು ಎಂಬುದೇನೋ ನಿಜ. ವೇದಪಾಠದ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಶಾಸನದಲ್ಲಿ ಹೆಸರು ಬರುವ ರಾಜ ಕಳಚುರಿ ಬಿಜ್ಜಳ. ಅವನ ಕಲ್ಯಾಣದಲ್ಲಿ ಅದೇ ವರ್ಷಗಳಲ್ಲೇ ಅಂಬಿಗ, ಮಡಿವಾಳ, ಹೊಲಿಗೆಯವ, ಸೂಳೆ, ಗೃಹಿಣಿ ಇವರೆಲ್ಲ ಕೂಡಿ ಜೀವ, ಶಿವ, ಕಾಯಕ, ಮರಣಗಳನ್ನು ಕುರಿತು ಕನ್ನಡದಲ್ಲಿ ಮಾತನಾಡುತ್ತಿದ್ದರು. ಒಂದೇ ರಾಜ್ಯ, ಒಂದೇ ಕಾಲ. ಒಂದು ಕಡೆ ಕಲ್ಲಿನ ಮೇಲೆ ಕೆತ್ತಿದ ಪಾಠಪಟ್ಟಿ, ಇನ್ನೊಂದು ಕಡೆ ಪಾಠಪಟ್ಟಿಯ ಹೊರಗಿನವರ ತತ್ತ್ವಚಿಂತನೆ. ಇವೆರಡೂ ಮುಂದೆ ಏಳುನೂರು ವರ್ಷಗಳಾದ ಮೇಲೆ ಬಂದ ವಿಶ್ವವಿದ್ಯಾನಿಲಯದ ಬಾಗಿಲಿನಲ್ಲಿ ನಿಂತವು. ಎರಡಕ್ಕೂ ಅದು ತಟಕ್ಕನೆ ಬಾಗಿಲು ತೆರೆಯಲಿಲ್ಲ.

ವಿಶ್ವವಿದ್ಯಾನಿಲಯವೆಂಬ ಸಂಸ್ಥೆ ನಮ್ಮ ದೇಶಕ್ಕೆ ಬಂದದ್ದು 1857ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳ ಮೂಲಕ. ಅದರ ಮೂರು ವರ್ಷ ಮೊದಲು, 1854ರಲ್ಲಿ, ಚಾರ್ಲ್ಸ್ ವುಡ್ ಅವರ ಹೆಸರಿನಿಂದ ಪ್ರಸಿದ್ಧವಾದ ರಾಜಪತ್ರ ಲಂಡನಿನಿಂದ ಬಂತು. ಪದವಿ ಪರೀಕ್ಷೆಗಳಲ್ಲಿ ಮತವಿಶ್ವಾಸಕ್ಕೆ ಸಂಬಂಧಪಟ್ಟ ಯಾವ ವಿಷಯವೂ ಇರಕೂಡದೆಂಬ ನಿಯಮ ಅದರಲ್ಲಿತ್ತು. ಆಳುವವರು ಕ್ರೈಸ್ತರು, ಆಳಿಸಿಕೊಳ್ಳುವವರು ಹಿಂದೂಗಳು, ಮುಸಲ್ಮಾನರು, ಜೈನರು, ಪಾರ್ಸಿಗಳು. ಯಾವ ಮತವನ್ನು ಓದಿಸಿದರೂ ತೊಂದರೆ. ಆದ್ದರಿಂದ ಯಾವುದೂ ಬೇಡ. ಇದು ಅಂಜಿಕೆಯ ನೀತಿಯೆಂದು ಕೆಲವರು ಹಳಿದಿದ್ದಾರೆ. ನಾನು ಅಷ್ಟು ಸುಲಭವಾಗಿ ಹಳಿಯಲಾರೆ. ಮತದ ಮಾತನ್ನು ಹೊರಗಿಟ್ಟಿದ್ದರಿಂದಲೇ ಎಲ್ಲ ಜಾತಿಯ ಹುಡುಗರೂ ತಡವಾಗಿಯಾದರೂ ಹುಡುಗಿಯರೂ ಒಂದೇ ಬೆಂಚಿನ ಮೇಲೆ ಕೂರಲು ಸಾಧ್ಯವಾಯಿತು. ಬಳ್ಳಿಗಾವಿಯ ಜಗಲಿ ಇದನ್ನು ಮಾಡಿರಲಿಲ್ಲ. ಆದರೆ ಬೆಂಚು ಸಿಕ್ಕಿದವರಿಗೆ ಪುಸ್ತಕ ಸಿಕ್ಕಲಿಲ್ಲ. ತತ್ತ್ವಶಾಸ್ತ್ರವೆಂದರೆ ‘ಮೆಂಟಲ್ ಅಂಡ್ ಮಾರಲ್ ಸೈನ್ಸ್’ ಎಂದಾಯಿತು. ಬಿ.ಎ. ವಿದ್ಯಾರ್ಥಿ ಸಾಕ್ರಟೀಸನ ಪ್ರಾಣಾರ್ಪಣೆಯಿಂದ ಹಿಡಿದು ಕಾಂಟನ ಕರ್ತವ್ಯಬುದ್ಧಿಯವರೆಗೆ ಬಲ್ಲ. ತನ್ನ ಅಜ್ಜ ಸಂಧ್ಯಾಕಾಲದಲ್ಲಿ ಹೇಳುತ್ತಿದ್ದುದರ ಅರ್ಥ ಬಲ್ಲವನಲ್ಲ.

ಇಲ್ಲಿ ಮಾತಿನ ಒಂದು ತೊಡಕನ್ನೂ ಹೇಳಿಬಿಡಬೇಕು. ಕನ್ನಡದ ಮೇಷ್ಟರಾದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಇಂಗ್ಲಿಷಿನವರು ಫಿಲಾಸಫಿ ಬೇರೆ, ರಿಲಿಜನ್ ಬೇರೆ ಎಂದು ಎರಡು ಗೂಡು ಮಾಡಿಕೊಂಡು ಬಂದರು. ನಮ್ಮಲ್ಲಿದ್ದ ಮಾತುಗಳು ದರ್ಶನ, ಮತ, ತತ್ತ್ವ, ಧರ್ಮ. ದರ್ಶನವೆಂದರೆ ಕಾಣ್ಕೆ, ಗುಡಿಯಲ್ಲಿ ದೇವರದೂ ಅದೇ, ಶಾಸ್ತ್ರದಲ್ಲಿ ಸತ್ಯದ್ದೂ ಅದೇ. ಮತವೆಂದರೆ ಅಭಿಪ್ರಾಯ, ಶಂಕರರ ಮತವೂ ಮತವೇ, ನಿಮ್ಮ ನನ್ನ ಅಭಿಪ್ರಾಯವೂ ಮತವೇ, ಚುನಾವಣೆಯಲ್ಲಿ ಪೆಟ್ಟಿಗೆಗೆ ಹಾಕುವುದೂ ಮತವೇ. ತತ್ತ್ವವೆಂದರೆ ಹಳ್ಳಿಯ ಭಜನೆಯ ಮನೆಯಲ್ಲಿ ಏಕತಾರಿಯ ಮೇಲೆ ಹಾಡುವಂಥದು. ಧರ್ಮದ ವಿಷಯವನ್ನು ನಾನು ಹೇಳುವುದೇ ಬೇಡ. ಭಿಕ್ಷುಕನೂ ಅದನ್ನೇ ಕೇಳುತ್ತಾನೆ, ನ್ಯಾಯಾಧೀಶನೂ ಅದನ್ನೇ ಕೇಳುತ್ತಾನೆ. ಈ ನಾಲ್ಕು ಮಾತುಗಳನ್ನು ಆ ಎರಡು ಗೂಡುಗಳಿಗೆ ಹಂಚುವ ಕೆಲಸ ಇಂದಿಗೂ ಮುಗಿದಿಲ್ಲ.

ಬಾಗಿಲು ಮುಚ್ಚಿದ್ದರೆ ಕಿಟಕಿ ಹುಡುಕುವವರು ಇದ್ದೇ ಇರುತ್ತಾರೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ತಿರುತ್ತಣಿಯ ಕಡೆಯ ಬಡ ಬ್ರಾಹ್ಮಣರ ಹುಡುಗನೊಬ್ಬ ತತ್ತ್ವಶಾಸ್ತ್ರವನ್ನು ಆರಿಸಿಕೊಂಡ. ಆರಿಸಿಕೊಂಡದ್ದಕ್ಕೆ ಕಾರಣ ಜ್ಞಾನದಾಹಕ್ಕಿಂತ ಹೆಚ್ಚಾಗಿ, ದಾಯಾದಿಯೊಬ್ಬರು ಓದಿ ಮುಗಿಸಿದ ಪಠ್ಯಪುಸ್ತಕಗಳು ಬಿಟ್ಟಿಯಾಗಿ ಸಿಕ್ಕಿದ್ದು ಎಂದು ಹೇಳುತ್ತಾರೆ. ಆ ಹುಡುಗನೇ ಸರ್ವೇಪಲ್ಲಿ ರಾಧಾಕೃಷ್ಣನ್. ಮಿಷನರಿ ಅಧ್ಯಾಪಕರು ಹಿಂದೂ ಮತವನ್ನು ಟೀಕಿಸುತ್ತಿದ್ದರು. ವೇದಾಂತದಲ್ಲಿ ನೀತಿಗೆ ಸ್ಥಾನವಿಲ್ಲವೆನ್ನುವುದು ಆ ಟೀಕೆಯ ತಿರುಳು. ಹುಡುಗನಿಗೆ ನೋವಾಯಿತು. ಆದರೆ ಅವರು ಮಾಡಿದ್ದು ಜಗಳವಲ್ಲ, ಎಂ.ಎ. ಪದವಿಗೆ ವೇದಾಂತದ ನೀತಿಶಾಸ್ತ್ರವನ್ನು ಕುರಿತೇ ಪ್ರಬಂಧ ಬರೆದರು. 1908ರಲ್ಲಿ ಅದು ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತು ವರ್ಷ. ಆ ಪ್ರಬಂಧವನ್ನು ಮೆಚ್ಚಿಕೊಂಡವರಲ್ಲಿ ಅವರ ಅಧ್ಯಾಪಕ ಎ. ಜಿ. ಹಾಗ್ ಒಬ್ಬರು. ಅವರೂ ಮಿಷನರಿಯೇ. ತಾವು ಒಪ್ಪದ ಮತವನ್ನು ಶಿಷ್ಯನೊಬ್ಬ ಸಮರ್ಥಿಸಿದಾಗ ಅವನ ತರ್ಕಕ್ಕೆ ಮನ್ನಣೆ ಕೊಟ್ಟ ಈ ಗುರುವನ್ನು ನಾವು ಮರೆತಿದ್ದೇವೆ. ಸೆಪ್ಟೆಂಬರ್ ಐದರಂದು ರಾಧಾಕೃಷ್ಣನ್ ಅವರ ಪಟಕ್ಕೆ ಹಾರ ಹಾಕುವಾಗ ಒಂದು ಹೂವನ್ನಾದರೂ ಹಾಗ್ ಅವರ ಹೆಸರಿನಲ್ಲಿ ಇಡಬೇಕೆಂದು ನನಗೆ ಅನ್ನಿಸುವುದುಂಟು.

ಇನ್ನು ಮೈಸೂರಿಗೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಹುಟ್ಟಿತು. ದೇಶೀಯ ಸಂಸ್ಥಾನವೊಂದು ಕಟ್ಟಿಕೊಂಡ ಮೊದಲ ವಿಶ್ವವಿದ್ಯಾನಿಲಯ ಅದು. ಮಹಾರಾಜಾ ಕಾಲೇಜಿಗೆ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ 1917ರಲ್ಲಿ ಎ. ಆರ್. ವಾಡಿಯಾ ಬಂದರು, ಮುಂಬಯಿಯ ಕಡೆಯ ಪಾರ್ಸಿ, ಇಂಗ್ಲೆಂಡಿನಲ್ಲಿ ಓದಿದವರು. ಮರುವರ್ಷ, 1918ರಲ್ಲಿ, ರಾಧಾಕೃಷ್ಣನ್ ಬಂದರು. ಸಂಸ್ಕೃತ ವಿಭಾಗದಲ್ಲಿ ಆಗಲೇ ಮೈಸೂರು ಹಿರಿಯಣ್ಣನವರಿದ್ದರು. ಮೂರು ವರ್ಷಗಳ ಕಾಲ ಈ ಮೂವರೂ ಒಂದೇ ಕಟ್ಟಡದಲ್ಲಿ ಪಾಠ ಹೇಳಿದರು. ಕನ್ನಡನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ಇಂಥ ಇನ್ನೊಂದು ಮೂರು ವರ್ಷ ಯಾವುದೆಂದು ಕೇಳಿದರೆ ನಾನು ಯೋಚಿಸಬೇಕಾಗುತ್ತದೆ.

ರಾಧಾಕೃಷ್ಣನ್ ಅವರ ಮಾತಿನ ವೈಖರಿಯ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಅವರು ಮೈಸೂರಿನಲ್ಲಿದ್ದಾಗಲೇ, 1920ರಲ್ಲಿ, ಆಧುನಿಕ ತತ್ತ್ವಶಾಸ್ತ್ರದ ಮೇಲೆ ಮತದ ಆಳ್ವಿಕೆಯನ್ನು ಕುರಿತ ಅವರ ದೊಡ್ಡ ಗ್ರಂಥ ಹೊರಬಂತು. ಪಾಶ್ಚಾತ್ಯ ತತ್ತ್ವಜ್ಞರು ತಮ್ಮ ಮತವಿಶ್ವಾಸ ತಮ್ಮ ತರ್ಕದೊಳಗೆ ನುಸುಳುವುದನ್ನು ಗಮನಿಸಿಲ್ಲ ಎಂಬುದು ಅದರ ವಾದ. ಯಾರು ಯಾರಿಗೆ ಈ ಮಾತನ್ನು ಹೇಳಿದರು ಎಂಬುದನ್ನು ನೆನೆದರೆ ಸ್ವಾರಸ್ಯ ತಿಳಿಯುತ್ತದೆ: ಭಾರತೀಯರದು ಮತ, ಯೂರೋಪಿನವರದು ತತ್ತ್ವ ಎಂದು ಕಲಿಸಿದವರ ಕೈಗೇ ಅವರು ಕನ್ನಡಿ ಕೊಟ್ಟರು. 1921ರಲ್ಲಿ ಅವರು ಮೈಸೂರನ್ನು ಬಿಟ್ಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ ಅವರು ಯಾರು ಬಿಟ್ಟ ಪೀಠಕ್ಕೆ ಹೋದರು, ಆ ಪೀಠವನ್ನು ಬಿಟ್ಟವರು ಎಲ್ಲಿಗೆ ಬಂದರು ಎಂಬುದು. ಕಲ್ಕತ್ತದ ಐದನೆಯ ಜಾರ್ಜ್ ಪೀಠದಲ್ಲಿ ಅದುವರೆಗೆ ಇದ್ದವರು ಬ್ರಜೇಂದ್ರನಾಥ ಸೀಲ್. ಅವರು ಆ ಪೀಠವನ್ನು ತೆರವು ಮಾಡಿ ಬಂದದ್ದು ಮೈಸೂರಿಗೆ, ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ. ಮೈಸೂರು ಒಬ್ಬ ದಾರ್ಶನಿಕರನ್ನು ಕೊಟ್ಟು ಇನ್ನೊಬ್ಬ ದಾರ್ಶನಿಕರನ್ನು ಪಡೆಯಿತು. ಸೀಲ್ ಅವರು ಬ್ರಹ್ಮಸಮಾಜದವರು. ಕಾಲೇಜಿನಲ್ಲಿ ವಿವೇಕಾನಂದರ ಒಡನಾಡಿಯಾಗಿದ್ದವರು. ವೈಷ್ಣವ ಮತವನ್ನೂ ಕ್ರೈಸ್ತ ಮತವನ್ನೂ ಹೋಲಿಸಿ 1899ರಷ್ಟು ಹಿಂದೆಯೇ ಪುಸ್ತಕ ಬರೆದವರು. ಎರಡು ಮತಗಳನ್ನು ಹೋಲಿಸುವಾಗ ಒಂದನ್ನು ಅಳತೆಗೋಲು ಮಾಡಿ ಇನ್ನೊಂದನ್ನು ಅಳೆಯಬಾರದು, ಎರಡೂ ತಮ್ಮ ತಮ್ಮ ಇತಿಹಾಸದಲ್ಲಿ ಬೆಳೆದ ಬಗೆಯನ್ನು ನೋಡಬೇಕು ಎಂಬುದು ಅವರ ನಿಲುವು. ಮತಗಳ ತೌಲನಿಕ ಅಧ್ಯಯನಕ್ಕೆ ಬೇರೆ ವಿಭಾಗವನ್ನು ತೆರೆಯಲು ಅವರಿಗಿಂತ ಯೋಗ್ಯರು ಇರಲಿಲ್ಲ. ಆದರೆ ಕಾಲ ಕೂಡಿ ಬರಲಿಲ್ಲ. ಸಂಸ್ಥಾನಕ್ಕೆ ಅವರಿಂದ ರಾಜ್ಯಾಂಗ ಸುಧಾರಣೆಯ ಕೆಲಸವೂ ಬೇಕಾಗಿತ್ತು.

ಹಿರಿಯಣ್ಣನವರು ಇವರಿಬ್ಬರ ಹಾಗೆ ಸಭೆಗೆ ಬರುವ ಪ್ರಕೃತಿಯವರಲ್ಲ. ಹುಟ್ಟಿದ್ದು 1871ರಲ್ಲಿ. ಎಳೆಯ ವಯಸ್ಸಿನಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪುಸ್ತಕಗಳ ನಡುವೆ ಕೆಲಸ. ಆಮೇಲೆ ಶಾಲೆಯ ಮೇಷ್ಟರ ಕೆಲಸ. ಕಾಲೇಜಿಗೆ ಬಂದದ್ದು 1912ರಲ್ಲಿ, ನಲವತ್ತು ದಾಟಿದ ಮೇಲೆ. ಅವರ ಹುದ್ದೆ ಸಂಸ್ಕೃತದ್ದು. ಆದರೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಭಾರತೀಯ ದರ್ಶನದ ಪಾಠವನ್ನು ಹೇಳಿದವರು ಅವರು. ಈ ವಿಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು. ತತ್ತ್ವಶಾಸ್ತ್ರದ ಮುಂಬಾಗಿಲಿನಿಂದ ಪ್ಲೇಟೋ, ಕಾಂಟ್, ಹೆಗೆಲ್ ಬರುತ್ತಿದ್ದರು. ಗೌತಮ, ಕಣಾದ, ಶಂಕರರಿಗೆ ಸಂಸ್ಕೃತ ವಿಭಾಗದ ಹಿತ್ತಲ ಬಾಗಿಲು. ಆ ಹಿತ್ತಲ ಬಾಗಿಲನ್ನು ಕಾಯುತ್ತಿದ್ದವರು ಹಿರಿಯಣ್ಣನವರಾಗಿದ್ದುದು ನಮ್ಮ ಪುಣ್ಯ.

ಅವರು 1927ರಲ್ಲಿ ನಿವೃತ್ತರಾದರು. ಪಾಠದ ಟಿಪ್ಪಣಿಗಳನ್ನು ತಿದ್ದಿ ತಿದ್ದಿ ಮತ್ತೆ ಐದು ವರ್ಷ ಕಳೆದ ಮೇಲೆ, 1932ರಲ್ಲಿ, ಲಂಡನಿನಲ್ಲಿ ಅವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಪ್ರಕಟವಾಯಿತು. ಮೈಸೂರಿನಲ್ಲಿ ಅನೇಕ ವರ್ಷ ಹೇಳಿದ ಪಾಠಗಳೇ ಈ ಪುಸ್ತಕಕ್ಕೆ ಆಧಾರವೆಂದು ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. ರಾಧಾಕೃಷ್ಣನ್ ಅವರ ಆಸಕ್ತಿಗೆ ಕೃತಜ್ಞತೆ ಸೂಚಿಸಿದ್ದಾರೆ. ರಾಧಾಕೃಷ್ಣನ್ ಅವರ ಎರಡು ಸಂಪುಟಗಳು ಅದಕ್ಕೆ ಮೊದಲೇ, 1923ರಲ್ಲೂ 1927ರಲ್ಲೂ, ಬಂದಿದ್ದವು. ಎರಡನ್ನೂ ಓದಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ರಾಧಾಕೃಷ್ಣನ್ ಅವರದು ತುಂಬಿದ ಹೊಳೆ. ಎಲ್ಲ ಮತಗಳೂ ಅದರಲ್ಲಿ ಸೇರಿ ಒಂದೇ ಕಡಲಿನತ್ತ ಹರಿಯುವಂತೆ ಭಾಸವಾಗುತ್ತದೆ. ಹಿರಿಯಣ್ಣನವರದು ಬಾವಿಯ ನೀರು. ಒಂದು ಹೆಚ್ಚಿನ ವಿಶೇಷಣವನ್ನು ಹುಡುಕಿದರೂ ಸಿಕ್ಕದು. ನನ್ನ ಅಭಿರುಚಿ ಬಾವಿಯ ಕಡೆಗೆ.

ಅವರು ಬೌದ್ಧ ಮತವನ್ನು ಬರೆಯುವಾಗ ಬೌದ್ಧರು ಆಕ್ಷೇಪಿಸುವಂತಿಲ್ಲ. ಚಾರ್ವಾಕರ ಅಧ್ಯಾಯದಲ್ಲಿ, ಅವರ ಮಾತು ಎದುರಾಳಿಗಳ ಗ್ರಂಥಗಳಿಂದ ಮಾತ್ರ ನಮಗೆ ತಿಳಿಯುತ್ತದೆ, ಆದ್ದರಿಂದ ಅದು ವಿರೂಪಗೊಂಡಿರಬಹುದು ಎಂಬ ಎಚ್ಚರಿಕೆಯನ್ನು ಕೊಡದೆ ಮುಂದುವರಿಯುವುದಿಲ್ಲ. ಓದುಗನಿಗೆ ಗ್ರಂಥಕರ್ತರ ಸ್ವಂತ ಒಲವು ತಿಳಿಯಬೇಕಾದರೆ ಬಹಳ ಹುಡುಕಬೇಕು. ಕೋಡಿಯ ಮಠದವರು ಗೆಲ್ಲುವುದಕ್ಕಾಗಿ ಓದಿಸಿದರೆ, ಇವರು ಗೆಲ್ಲುವ ಆಸೆಯನ್ನೂ ಬಿಟ್ಟು ಪೂರ್ವಪಕ್ಷವನ್ನಷ್ಟೇ ಉಳಿಸಿಕೊಂಡರು ಎನ್ನಬಹುದು. ಭಾರತೀಯ ದರ್ಶನ ಬರಿಯ ಕುತೂಹಲದಿಂದ ಹುಟ್ಟಿದ್ದಲ್ಲ. ಬಾಳಿನಲ್ಲಿ ಕಂಡ ಕೇಡಿಗೂ ದುಃಖಕ್ಕೂ ಪರಿಹಾರ ಹುಡುಕುವ ಒತ್ತಡದಿಂದ ಹುಟ್ಟಿದ್ದು ಎಂಬುದು ಅವರ ಒಂದು ಮುಖ್ಯ ನಿರ್ಣಯ. ಈ ಮಾತಿಗೆ ಮೈಸೂರಿನಲ್ಲೇ ಒಂದು ನಿದರ್ಶನ ಮುಂದೆ ದೊರೆಯಿತು. ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಸಾವಿಗೆ ಒಪ್ಪಿಸಿದ ಹುಡುಗನೊಬ್ಬ, ಸಾವು ಎಂದರೇನು ಎಂಬ ಪ್ರಶ್ನೆಯನ್ನು ಹೊತ್ತು ತತ್ತ್ವಶಾಸ್ತ್ರದ ತರಗತಿಗೆ ಬಂದ. ಚಿನ್ನದ ಪದಕದೊಡನೆ ಎಂ.ಎ. ಮುಗಿಸಿ, ಸತ್ಯಕ್ಕೂ ಸೌಂದರ್ಯಕ್ಕೂ ಇರುವ ಸಂಬಂಧವನ್ನು ಕುರಿತು ಬರೋಡೆಯಲ್ಲಿ ಡಾಕ್ಟರೇಟ್ ಪಡೆದ. ಎಸ್. ಎಲ್. ಭೈರಪ್ಪನವರ ಕಾದಂಬರಿಗಳನ್ನು ಒಪ್ಪುವವರೂ ಒಪ್ಪದವರೂ, 2025ರಲ್ಲಿ ಅವರು ತೀರಿಕೊಂಡಾಗ, ಆ ಬರವಣಿಗೆಯ ಬೇರು ತತ್ತ್ವಶಾಸ್ತ್ರದ ಓದಿನಲ್ಲಿದೆ ಎಂಬುದನ್ನು ಮಾತ್ರ ಒಪ್ಪಿದರು.

ಹಿರಿಯಣ್ಣನವರ ಗ್ರಂಥದಲ್ಲಿ ಕೊರತೆಯಿಲ್ಲವೆಂದಲ್ಲ. 1932ರ ಪುಸ್ತಕದಲ್ಲಿ ವೇದಾಂತಕ್ಕೆ ಎರಡೇ ಅಧ್ಯಾಯ: ಶಂಕರರದು, ರಾಮಾನುಜರದು. ಕನ್ನಡ ಕರಾವಳಿಯಲ್ಲೇ ಹುಟ್ಟಿದ ಮಧ್ವದರ್ಶನಕ್ಕೆ ಮೈಸೂರಿನ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. 1949ರ ಅವರ ಎರಡನೆಯ ಪುಸ್ತಕದಲ್ಲಿ ಆ ಲೋಪ ಸರಿಹೋಯಿತು. ಆದರೆ ವಚನಕಾರರ ಮಾತಾಗಲಿ, ದಾಸರ ಮಾತಾಗಲಿ ದರ್ಶನದ ಇತಿಹಾಸಕ್ಕೆ ಸೇರುತ್ತದೆಂಬ ಭಾವನೆ ಆ ಕಾಲದ ಯಾವ ತತ್ತ್ವಶಾಸ್ತ್ರ ವಿಭಾಗದಲ್ಲೂ ಇರಲಿಲ್ಲ. ಸೂತ್ರ, ಭಾಷ್ಯ, ವಾರ್ತಿಕ ಇದ್ದರೆ ದರ್ಶನ; ದೇಶಭಾಷೆಯಲ್ಲಿ ಹೇಳಿದರೆ ಭಕ್ತಿ.

ವಚನಗಳನ್ನು ಹೊರತಂದವರು ವಿಶ್ವವಿದ್ಯಾನಿಲಯದವರಲ್ಲ, ಬಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು, ಅವರ ವಚನಶಾಸ್ತ್ರ ಸಾರದ ಮೊದಲ ಭಾಗ ಬಂದದ್ದು 1923ರಲ್ಲಿ. ಪುಸ್ತಕದ ಹೆಸರಿನಲ್ಲಿ ‘ಶಾಸ್ತ್ರ’ ಎಂಬ ಮಾತನ್ನು ಅವರು ಸೇರಿಸಿದ್ದನ್ನು ಗಮನಿಸಬೇಕು. ಇದೂ ಶಾಸ್ತ್ರವೇ, ಇದಕ್ಕೂ ಮಣೆ ಹಾಕಿ ಎಂದು ಕೇಳಿದ ಹಾಗಿದೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಉಪಕುಲಪತಿಗಳೂ ಆಗಿದ್ದು, ಕೊನೆಗೆ ನಿಂಬಾಳದಲ್ಲಿ ನೆಲಸಿ 1957ರಲ್ಲಿ ದೇಹಬಿಟ್ಟ ಗುರುದೇವ ರಾನಡೆಯವರು ಈ ಗೋಡೆಯನ್ನು ಒಡೆದರು. ಉಪನಿಷತ್ತುಗಳನ್ನು ಕುರಿತು 1926ರಲ್ಲಿ ಬರೆದ ಲೇಖನಿಯಿಂದಲೇ ಅವರು ಮರಾಠಿ ಸಂತರನ್ನು, ಹಿಂದಿಯ ಭಕ್ತಕವಿಗಳನ್ನು, ಕಡೆಯಲ್ಲಿ ನಮ್ಮ ವಚನಕಾರರನ್ನೂ ದಾಸರನ್ನೂ ಕುರಿತು ಬರೆದರು. ಕನ್ನಡ ಸಾಹಿತ್ಯವನ್ನು ಕುರಿತ ಗ್ರಂಥ ಅವರು ತೀರಿಕೊಂಡ ಮೇಲೆ 1960ರಲ್ಲಿ ಹೊರಬಂತು. ಅವರದು ಸಾಧಕನ ದೃಷ್ಟಿ. ಅನುಭವವಿಲ್ಲದವನಿಗೆ ಈ ಓದು ದಕ್ಕದು ಎನ್ನುವ ಧೋರಣೆ ಅಲ್ಲಲ್ಲಿ ಕಾಣುತ್ತದೆ. ಅದನ್ನು ಒಪ್ಪಿದರೆ ತರಗತಿಯಲ್ಲಿ ಯಾರೂ ಉಳಿಯುವುದಿಲ್ಲ; ಮೇಷ್ಟರೂ ಉಳಿಯುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆ ಸರ್ಕಾರದ ಮೇಜಿಗೆ ಹೋಯಿತು. ವಿಶ್ವವಿದ್ಯಾನಿಲಯಗಳನ್ನು ಕುರಿತ ಆಯೋಗಕ್ಕೆ ರಾಧಾಕೃಷ್ಣನ್ ಅವರೇ ಅಧ್ಯಕ್ಷರು. 1949ರ ಆ ವರದಿ ಮೌನಧ್ಯಾನದಿಂದ ದಿನವನ್ನು ಆರಂಭಿಸಬೇಕೆಂದಿತು; ಪದವಿಯ ಮೊದಲ ವರ್ಷ ಮಹಾಪುರುಷರ ಜೀವನ, ಎರಡನೆಯ ವರ್ಷ ಎಲ್ಲರಿಗೂ ಸಲ್ಲುವ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷ ಧರ್ಮದ ತತ್ತ್ವಶಾಸ್ತ್ರೀಯ ಸಮಸ್ಯೆಗಳು ಎಂದು ಪಾಠಕ್ರಮವನ್ನೂ ಸೂಚಿಸಿತು. ಬುದ್ಧ, ಕನ್‌ಫ್ಯೂಷಿಯಸ್, ಜರತುಷ್ಟ್ರ, ಸಾಕ್ರಟೀಸ್, ಏಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ್, ನಾನಕ್, ಗಾಂಧಿ ಎಂದು ಹೆಸರುಗಳ ಪಟ್ಟಿಯೂ ಇದೆ. ಬಸವಣ್ಣನ ಹೆಸರನ್ನು ನಾನು ಆ ಪಟ್ಟಿಯಲ್ಲಿ ಕಾಣಲಿಲ್ಲ. ಮರುವರ್ಷ ಜಾರಿಗೆ ಬಂದ ಸಂವಿಧಾನದ 28ನೆಯ ವಿಧಿ, ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂದಿತು. ವರದಿ ಕಪಾಟಿಗೆ ಸೇರಿತು.

ತೊಡಕನ್ನು ಬಿಡಿಸಿದ ಮಾತು ಬಂದದ್ದು ಕೊಠಾರಿ ಆಯೋಗದಿಂದ, 1966ರಲ್ಲಿ. ಒಂದು ಮತವನ್ನು ಬೋಧಿಸುವುದು ಬೇರೆ, ಮತಗಳ ವಿಷಯವನ್ನು ತಿಳಿಸುವುದು ಬೇರೆ. ಮೊದಲನೆಯದು ಸರ್ಕಾರದ ಕೆಲಸವಲ್ಲ, ಎರಡನೆಯದು ನಾನಾ ಮತಗಳ ದೇಶಕ್ಕೆ ಅವಶ್ಯಕ. ಮರುವರ್ಷವೇ ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿ ಗುರು ಗೋವಿಂದಸಿಂಗರ ಹೆಸರಿನ ಭವನಕ್ಕೆ ಅಡಿಪಾಯ ಬಿತ್ತು. ಮತಧರ್ಮಗಳ ಅಧ್ಯಯನಕ್ಕೆಂದೇ ಅಲ್ಲಿ ಒಂದು ವಿಭಾಗ ತಲೆಯೆತ್ತಿತು. ಇಂಗ್ಲೆಂಡಿನ ಲಂಕಾಸ್ಟರಿನಲ್ಲಿ ನಿನಿಯನ್ ಸ್ಮಾರ್ಟ್ ಇಂಥದೇ ವಿಭಾಗವನ್ನು ತೆರೆದದ್ದೂ ಅದೇ 1967ರಲ್ಲಿ. ನಾವು ಪರರಿಗಿಂತ ಹಿಂದೆ ಬಿದ್ದಿರಲಿಲ್ಲ. ಮೈಸೂರಿನಲ್ಲಿ 1971ರಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಬಂತು, ಆ. ನೇ. ಉಪಾಧ್ಯೆಯವರಂಥ ಹಿರಿಯರು ಅದನ್ನು ನಡೆಸಿದರು. ಮಹಾಪುರುಷನೊಬ್ಬನ ಜೀವನವನ್ನೂ ಉಪದೇಶವನ್ನೂ ವಿದ್ವತ್ತ್ವದ ದೃಷ್ಟಿಯಿಂದ ಓದುವುದು ಮತಬೋಧನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವೂ, ಗುರುನಾನಕರ ಹೆಸರಿನ ವಿಶ್ವವಿದ್ಯಾನಿಲಯದ ಮೊಕದ್ದಮೆಯಲ್ಲಿ, 1971ರಲ್ಲೇ ಹೇಳಿತು. 2002ರಲ್ಲಿ ಶಾಲೆಗಳ ಪಠ್ಯಕ್ರಮದ ವಿಷಯದಲ್ಲಿಯೂ ಅದೇ ನಿಲುವು ಬಂತು.

ಕಾನೂನು ಅಡ್ಡ ಬರುವುದಿಲ್ಲ. ಆದರೂ ಬೆಂಚುಗಳು ಖಾಲಿ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಒಂದು ವರ್ಷ ಮೂವರು ವಿದ್ಯಾರ್ಥಿಗಳು ಸೇರಿದರು, ಮರುವರ್ಷ ಒಬ್ಬಳೇ ಹುಡುಗಿ. ಅಧ್ಯಾಪಕರು ನಿವೃತ್ತರಾದರು, ಹುದ್ದೆ ತುಂಬಲಿಲ್ಲ. ಅವರ ಕೊಠಡಿಯ ಪುಸ್ತಕಗಳನ್ನು ಬೇರೆ ಕಡೆಗೆ ಸಾಗಿಸುವಾಗ ಹಿರಿಯಣ್ಣನವರ ಪುಸ್ತಕದ ಎರಡು ಪ್ರತಿಗಳು ನಮ್ಮ ಕನ್ನಡ ವಿಭಾಗದ ಕಪಾಟಿಗೆ ಬಂದವು. ಒಂದು ವಿಧದಲ್ಲಿ ಅವು ಸೇರಬೇಕಾದ ಕಡೆಗೇ ಸೇರಿದವು. ಏಕೆಂದರೆ ಪಂಪನ ಆದಿಪುರಾಣವನ್ನು ಹೇಳುವಾಗ ಕರ್ಮವೂ ಭವಾವಳಿಯೂ ಏನೆಂದು ತಿಳಿಸದೆ ನೀಲಾಂಜನೆಯ ನೃತ್ಯವನ್ನು ವಿವರಿಸಲಾಗದು. ಹರಿಹರನನ್ನು ಹೇಳುವಾಗ ಜೈನರನ್ನು ಅವನು ಆಡಿದ ರೀತಿಯನ್ನು ಮುಚ್ಚಿಡಲಾಗದು. ಶಿಶುನಾಳ ಷರೀಫರಿಗೆ ಬಂದಾಗ ಗೋವಿಂದ ಭಟ್ಟರನ್ನೂ ಹೇಳಬೇಕು, ಸೂಫಿಗಳನ್ನೂ ಹೇಳಬೇಕು. ಹೊರಗೆ ಫಲಕ ಕನ್ನಡದ್ದು. ಒಳಗೆ ಮತಧರ್ಮಗಳ ಪಾಠ. ಕನ್ನಡ ಎಂ.ಎ. ಓದಿದ ನಮಗೆ ಛಂದಸ್ಸು ಗೊತ್ತು, ಹಳಗನ್ನಡ ಗೊತ್ತು. ಈ ಪಾಠಕ್ಕೆ ಮಾತ್ರ ನಮ್ಮನ್ನು ಯಾರೂ ಸಿದ್ಧಪಡಿಸಿಲ್ಲ.

ಅಪಾಯವೂ ಇಲ್ಲೇ ಇದೆ. ಮೇಷ್ಟರು ತಮ್ಮ ಮನೆಯ ಮತದ ಕವಿ ಬಂದಾಗ ಕಣ್ಣು ತುಂಬಿ ಪಾಠ ಹೇಳುತ್ತಾರೆ. ಬೇರೆಯ ಮತದ ಕವಿ ಬಂದಾಗ ಅಲಂಕಾರ, ವ್ಯಾಕರಣ ಹೇಳಿ ಮುಗಿಸುತ್ತಾರೆ. ಇಂಥ ಪಾಠವನ್ನು ನಾನು ವಿದ್ಯಾರ್ಥಿಯಾಗಿ ಕೇಳಿದ್ದೇನೆ. ಹಿಂದಿನ ಬೆಂಚಿನಲ್ಲಿ ಕುಳಿತ ಜೈನರ ಹುಡುಗನಿಗೆ, ಮುಸಲ್ಮಾನರ ಹುಡುಗಿಗೆ, ಯಾವ ದೇವರನ್ನೂ ನಂಬದವನಿಗೆ ಅದು ತಿಳಿಯುವುದಿಲ್ಲವೆಂದು ಭಾವಿಸಬಾರದು. ಅವರಿಗೆ ಮೊದಲು ತಿಳಿಯುವುದೇ ಅದು. ಬಳ್ಳಿಗಾವಿಯವರ ಹಾಗೆ ಎದುರಿನ ಮತವನ್ನು ಅದರ ಕಡೆಯಿಂದ ಹೇಳಬೇಕು ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡು ಕೆಲವು ವರ್ಷಗಳಾದವು. ವಚನದ ಪಾಠ ಮುಗಿದ ಮೇಲೆ ಆ ವಚನಕಾರನನ್ನು ಒಪ್ಪದ ಜೈನನೋ ಸ್ಮಾರ್ತನೋ ಏನು ಹೇಳುತ್ತಿದ್ದ ಎಂದು ವಿದ್ಯಾರ್ಥಿಗಳನ್ನೇ ಎಬ್ಬಿಸಿ ಕೇಳುತ್ತೇನೆ. ಸ್ವಂತ ಮತಕ್ಕೆ ವಕಾಲತ್ತು ವಹಿಸಲು ಯಾರಿಗೂ ಅವಕಾಶವಿಲ್ಲ. ಮೊದಲ ವಾರ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಬಾಯಿ ಮುಚ್ಚಿಸುವುದೇ ಕಷ್ಟವಾಗುತ್ತದೆ. ಕಳೆದ ಸಲ ಲಿಂಗಾಯತರ ಹುಡುಗನೊಬ್ಬ ಜೈನರ ಪರವಾಗಿ ಹತ್ತು ನಿಮಿಷ ಮಾತನಾಡಿದ. ಜೈನರ ಹುಡುಗ ಎದ್ದು, ‘ಸಾರ್, ಇದರಲ್ಲಿ ಎರಡು ಮಾತು ನಾವು ಹೇಳುವುದಲ್ಲ, ಮಿಕ್ಕಿದ್ದು ಸರಿ’ ಎಂದ. ಗಂಟೆ ಹೊಡೆಯಿತು. ಆ ಎರಡು ಮಾತು ಯಾವುವೆಂದು ಅವರಿಬ್ಬರೂ ಮೆಟ್ಟಿಲ ಬಳಿ ನಿಂತು ಬಹಳ ಹೊತ್ತು ಚರ್ಚಿಸುತ್ತಿದ್ದರು.